ಬಿಚ್ಚಪ್ಪನ ತಮ್ಮನ ಹಳದಿ ಲಾರಿ

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಅದು ಬ್ಯಾಂಕಿನವರಿಗೂ ಆಸ್ಪತ್ರೆಯವರಿಗೂ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವನು ಬಿಚ್ಚಪ್ಪ. ಕೈಗೆ ಸಿಕ್ಕ ಯಂತ್ರವನ್ನು ಬಿಚ್ಚಿ ನೋಡದೆ ಬಿಟ್ಟ ಆಸಾಮಿಯಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ತವರಿನಿಂದ ತಂದ ಮಿಕ್ಸಿಯನ್ನು ಬಿಚ್ಚಿ, ಹಾಸಿಗೆಯ ತುಂಬ ಹರಡಿಕೊಂಡು ಕೂತಿದ್ದನಂತೆ.

"ಕೆಟ್ಟಿತ್ತಾ?" ಎಂದು ಅವಳು ಕೇಳಿದಳು.

"ಇಲ್ಲ. ಮುಂದೆ ಕೆಟ್ಟರೆ ಬಿಚ್ಚೋಕಾಗುತ್ತಾ ಅಂತ ನೋಡ್ತಿದ್ದೆ."

ಅಂಥವನಿಗೆ ಸಿಕ್ಕಿದ ಕೆಲಸ ನೋಡಿ: ದೊಡ್ಡದೊಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಟಿ.ವಿ. ಮಾರುವುದು. ಗೋಡೆಯ ತುಂಬ ಟಿ.ವಿ.ಗಳು, ಎಲ್ಲದರಲ್ಲೂ ಒಂದೇ ಗಿಣಿ ಒಂದೇ ಕೊಂಬೆಯ ಮೇಲೆ ಕೂತು ಕತ್ತು ತಿರುಗಿಸುತ್ತಿರುತ್ತದೆ. ಗಂಡ ಹೆಂಡತಿ ಬಂದು ಗಿಣಿಯ ಬಣ್ಣಕ್ಕೆ ಮನಸೋತು, ಇನ್ನೇನು ಇದೇ ಇರಲಿ ಎನ್ನುವಷ್ಟರಲ್ಲಿ ಬಿಚ್ಚಪ್ಪ ಬಾಯಿ ತೆರೆಯುತ್ತಿದ್ದ.

"ತಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ನೀವು ಏನು ನೋಡಿದ್ರಿ, ಯಾವಾಗ ನೋಡಿದ್ರಿ, ಯಾವುದನ್ನ ಅರ್ಧಕ್ಕೆ ಬಿಟ್ಟು ಎದ್ದ್ರಿ, ಎಲ್ಲಾನೂ ಇದು ಕಂಪನಿಗೆ ಚಾಡಿ ಹೇಳುತ್ತೆ. ಮನೇಲಿ ಒಬ್ಬ ನಾದಿನಿಯನ್ನ ತಂದು ಗೋಡೆಗೆ ನೇತುಹಾಕಿದ ಹಾಗೆ."

ಹೆಂಗಸು ನಗುತ್ತಿದ್ದಳು, ಗಂಡ ಹಿಂದೆ ಸರಿಯುತ್ತಿದ್ದ. ಅಷ್ಟಕ್ಕೇ ಬಿಡದೆ ಬಿಚ್ಚಪ್ಪ ಟಿ.ವಿ.ಯ ಒಪ್ಪಂದವನ್ನು ಪರದೆಯ ಮೇಲೆ ತೆರೆದು ಜೋರಾಗಿ ಓದುತ್ತಿದ್ದ. ಮ್ಯಾನೇಜರು ಅವನನ್ನು ಪಕ್ಕಕ್ಕೆ ಕರೆದು ಕೇಳುತ್ತಿದ್ದ: "ಅಲ್ಲಯ್ಯಾ, ನೀನು ಟಿ.ವಿ. ಮಾರೋಕೆ ಬಂದಿದ್ದೀಯೋ, ಸಂಬಂಧ ಮುರಿಯೋಕೆ ಬಂದಿದ್ದೀಯೋ?"

ಆದರೂ ಅವನನ್ನು ಓಡಿಸಲಿಲ್ಲ. ಮಾರಿದ ಮಾಲು ಕೈಕೊಟ್ಟಾಗ ಜನ ಜಗಳಕ್ಕೆ ಬಂದರೆ ಸಮಾಧಾನ ಮಾಡಿ ಕಳಿಸಲು ಬಿಚ್ಚಪ್ಪನೇ ಬೇಕಾಗಿತ್ತು.

ಅವನ ಅಭಿಪ್ರಾಯಗಳಿಗೆ ಕೊನೆಯಿರಲಿಲ್ಲ. ಬ್ಯಾಟರಿಯನ್ನು ಅಂಟು ಹಾಕಿ ಮುಚ್ಚಿದ ಫೋನು ಅವನ ಪಾಲಿಗೆ ಸಮಾಧಿ. ದಾರಿ ಕೇಳಲು ಇಂಟರ್‌ನೆಟ್ಟಿಗೆ ಹೋಗುವ, ತಾನೇ ಓಡಾಡಿ ಕಸಗುಡಿಸುವ ಯಂತ್ರಕ್ಕೆ ಅವನು "ದಡ್ಡ ಪೊರಕೆ" ಎಂದು ಹೆಸರಿಟ್ಟಿದ್ದ. ಎಲ್ಲಕ್ಕಿಂತ ಹೆಚ್ಚು ರೇಗುತ್ತಿದ್ದುದು ನೆಟ್ಟಿನಿಂದ ಇಳಿಸಿಕೊಳ್ಳುವ ಗೇಮುಗಳ ಮೇಲೆ. "ಅದು ಕೊಂಡಿದ್ದಲ್ಲ, ಕಡ ತಂದಿದ್ದು. ಕೊಟ್ಟವನು ಯಾವತ್ತು ಬೇಕಾದ್ರೂ ಬಂದು ಎತ್ಕೊಂಡು ಹೋಗ್ತಾನೆ. ಗೇಮ್ ಬೇಕಾದ್ರೆ ಡಿಸ್ಕ್ ತಗೋಬೇಕು. ಕೈಲಿ ಹಿಡ್ಕೊಳ್ಳೋಕಾದ್ರೆ ನಮ್ಮದು, ಇಲ್ಲದಿದ್ರೆ ಅವರದು." ಈ ಮಾತನ್ನು ಅವನು ಅಂಗಡಿಯಲ್ಲಿ, ಬಸ್ಸಿನಲ್ಲಿ, ಕ್ಷೌರದ ಕುರ್ಚಿಯಲ್ಲಿ ಕೂತು ಹೇಳಿದ್ದಾನೆ. ಕ್ಷೌರಿಕ ಅವನ ತಲೆಯನ್ನು ಬೇಗ ಮುಗಿಸಿಬಿಡುತ್ತಿದ್ದ.

ಜನ ನಗುತ್ತಿದ್ದರು ನಿಜ. ಆದರೆ ಅವನ ಮಾತಿನ ಹಿಂದೆ ಮನೆಯಲ್ಲಿ ಒಂದು ಕುರ್ಚಿಯಿತ್ತು. ಕುರ್ಚಿಯಲ್ಲಿ ಅವನ ತಮ್ಮನಿದ್ದ.

ತಮ್ಮ ಬ್ರೆಡ್ ಕಾರ್ಖಾನೆಯ ವ್ಯಾನು ಓಡಿಸುತ್ತಿದ್ದವನು. ಬೆಳಗಾಗುವ ಮೊದಲೇ ಬಿಸಿ ಬ್ರೆಡ್ಡಿನ ವಾಸನೆ ತುಂಬಿಕೊಂಡು ಅಂಗಡಿ ಅಂಗಡಿಗೆ ಹೋಗುವ ಕೆಲಸ. ಒಂದು ದಿನ ಗೇರಿನ ಮೇಲಿಂದ ಕೈ ಜಾರಿತು. ಮತ್ತೊಂದು ದಿನ ಬ್ರೇಕು ಒತ್ತಿದ ಕಾಲು ಒತ್ತಲೇ ಇಲ್ಲ. ವ್ಯಾನು ಹೋಗಿ ಕಂಬಕ್ಕೆ ತಾಕಿ ನಿಂತಿತು. ಡಾಕ್ಟರು ಸ್ನಾಯುಗಳ ಕಾಯಿಲೆಯೆಂದು ಉದ್ದನೆಯ ಹೆಸರು ಹೇಳಿದರು. ಮನೆಯವರ ಬಾಯಿಗೆ ಅದು ಹೊಂದಲಿಲ್ಲ, ಹಾಗಾಗಿ "ಅದು" ಎಂದೇ ಕರೆದರು. ಅದು ಕಾಲು ತೆಗೆದುಕೊಂಡಿತು, ತೋಳು ತೆಗೆದುಕೊಂಡಿತು, ಬೆರಳುಗಳನ್ನೂ ಬಿಡಲಿಲ್ಲ. ಉಳಿದದ್ದು ಉಸಿರು, ಗದ್ದ, ನಾಲಿಗೆ.

"ನಾಲಿಗೆ ಹತ್ರ ಹೋಗೋಕೆ ಅದಕ್ಕೂ ಧೈರ್ಯ ಇಲ್ಲ," ಎನ್ನುತ್ತಿದ್ದಳು ಅತ್ತಿಗೆ, ಅವನಿಗೆ ಅನ್ನ ತಿನ್ನಿಸುತ್ತ.

"ಅತ್ತಿಗೆ, ನಿಮ್ಮ ಸಾರು ತಿಂದೂ ಉಳಿದಿರೋ ನಾಲಿಗೆ ಇದು. ಅಷ್ಟು ಸುಲಭಕ್ಕೆ ಬಗ್ಗಲ್ಲ."

ಈ ತಮ್ಮನಿಗಾಗಿ ಬಿಚ್ಚಪ್ಪ ಒಂದು ವಸ್ತು ಮಾಡಿದ. ಕೆಟ್ಟುಹೋದ ಬಿ.ಪಿ. ನೋಡುವ ಯಂತ್ರದಿಂದ ಗಾಳಿಯ ಒತ್ತಡ ಗುರುತಿಸುವ ಚೂರನ್ನು ಕಿತ್ತ. ಮೀನಿನ ತೊಟ್ಟಿಗೆ ಗಾಳಿ ಬಿಡುವ ಸಣ್ಣ ಕೊಳವೆ ತಂದ. ಆಟದ ಕಾರೊಂದರ ರಿಮೋಟಿನಿಂದ ಎಡಕ್ಕೆ ಬಲಕ್ಕೆ ಬಾಗುವ ಕಡ್ಡಿಯನ್ನು ತೆಗೆದು ಗದ್ದದ ಕೆಳಗೆ ಬರುವಂತೆ ಕೂರಿಸಿದ. ಎಲ್ಲವನ್ನೂ ಸೋಪಿನ ಡಬ್ಬಿಯೊಂದರಲ್ಲಿ ಅಡಗಿಸಿ, ಮೇಲೊಂದು ಹಸಿರು ದೀಪ ಇಟ್ಟ. ಎಷ್ಟು ಗಾಳಿಗೆ ಅದು ಎಚ್ಚರಗೊಳ್ಳಬೇಕು ಎಂದು ಹೊಂದಿಸಲು ಪಕ್ಕದಲ್ಲಿ ಪುಟ್ಟ ತಿರುಪೊಂದು. ಅದನ್ನು ಗೇಮ್ ಕನ್ಸೋಲಿಗೆ, ಅಂದರೆ ಟಿ.ವಿ.ಯ ಕೆಳಗಿನ ಕರಿ ಪೆಟ್ಟಿಗೆಗೆ ಸಿಕ್ಕಿಸಿದ. ಲಾರಿ ಓಡಿಸುವ ಗೇಮೊಂದರ ಡಿಸ್ಕು ಹಾಕಿ, ಕೊಳವೆಯನ್ನು ತಮ್ಮನ ತುಟಿಗಿಟ್ಟ.

"ಊದು. ಊದಿದ್ರೆ ಓಡುತ್ತೆ, ಎಳ್ಕೊಂಡ್ರೆ ಬ್ರೇಕು."

ತಮ್ಮ ಊದಿದ. ಹಸಿರು ದೀಪ ಹತ್ತಿತು. ಪರದೆಯ ಮೇಲೆ ಹಳದಿ ಲಾರಿಯೊಂದು ಗುರ್ರೆಂದು ಮುಂದಕ್ಕೆ ಹೋಯಿತು. ಮೊದಲ ತಿರುವು ಬಂತು, ತಮ್ಮ ಗದ್ದ ಬಾಗಿಸಿದ, ಲಾರಿ ತಿರುಗಿತು. ಆಮೇಲೆ ಕೊಳವೆ ಬಿಟ್ಟು ಹೇಳಿದ: "ಅಣ್ಣಾ, ಕ್ಲಚ್ಚು ಸ್ವಲ್ಪ ಗಟ್ಟಿಯಾಯ್ತು."

ಅಲ್ಲಿಂದ ಮುಂದೆ ಆ ಮನೆಯಲ್ಲಿ ಒಬ್ಬ ಡ್ರೈವರ್ ಮತ್ತೆ ಡ್ಯೂಟಿಗೆ ಹೋಗತೊಡಗಿದ. ಬೆಳಗಿನ ಸ್ನಾನ, ತಿಂಡಿ ಮುಗಿದದ್ದೇ ಲಾರಿ ಹೊರಡುತ್ತಿತ್ತು. ಬೆಟ್ಟದ ದಾರಿಯಲ್ಲಿ ಮರದ ದಿಮ್ಮಿ ಹೇರಿಕೊಂಡು, ಮಂಜಿನಲ್ಲಿ ದೀಪ ಹಾಕಿಕೊಂಡು ಹೋಗುತ್ತಿದ್ದ. ಅತ್ತಿಗೆ ತಟ್ಟೆ ಹಿಡಿದು ಬಂದು "ಊಟಕ್ಕೆ ಗಾಡಿ ನಿಲ್ಸಪ್ಪ" ಎನ್ನಬೇಕು. ಅವನು ನಡುರಸ್ತೆಯಲ್ಲಿ ನಿಲ್ಲಿಸುತ್ತಿರಲಿಲ್ಲ. ಪಕ್ಕಕ್ಕೆ ಹಾಕಿ, ಎಂಜಿನ್ ಆರಿಸಿ, ಆಮೇಲೆಯೇ ಬಾಯಿ ತೆರೆಯುತ್ತಿದ್ದ. ಬಿಚ್ಚಪ್ಪ ಕೆಲಸದಿಂದ ಬಂದರೆ, "ಇವತ್ತು ಎಲ್ಲಿವರೆಗೆ ಹೋಗಿದ್ದೆ?" ಎಂದು ಕೇಳುವುದು, ತಮ್ಮ ದಾರಿಯ ಕಷ್ಟ ಹೇಳುವುದು. ಮನೆಗೆ ದುಡಿದು ಬಂದವರು ಇಬ್ಬರಿದ್ದಂತೆ ಇರುತ್ತಿತ್ತು.

ಆ ಕರಿ ಪೆಟ್ಟಿಗೆಗೆ ಮಾತ್ರ ಬಿಚ್ಚಪ್ಪ ನೆಟ್ಟಿನ ಗಾಳಿ ಸೋಕಿಸಿರಲಿಲ್ಲ. ಯಾಕೆಂದರೆ ಪೆಟ್ಟಿಗೆಯ ಕಂಪನಿಯವರು ಹೊಸ ಅಪ್‌ಡೇಟುಗಳಲ್ಲಿ ಹೊರಗಿನವರು ಮಾಡಿದ ಉಪಕರಣಗಳನ್ನು ತಡೆಯುತ್ತಾರಂತೆ ಎಂಬ ಸುದ್ದಿ ಅವನ ಕಿವಿಗೆ ಬಿದ್ದಿತ್ತು. ಗೇಮಿನಲ್ಲಿ ಮೋಸ ಮಾಡುವವರನ್ನು ಹಿಡಿಯಲು ಹಾಗೆ ಮಾಡುವುದಂತೆ. "ನೆಟ್ ಕೊಟ್ರೆ ತಾನೆ ಅಪ್‌ಡೇಟು? ಇದು ಮನೆ ಮಗಳ ಹಾಗೆ ಒಳಗೇ ಇರಲಿ," ಎಂದು ಹೆಂಡತಿಗೂ ಎಚ್ಚರಿಕೆ ಹೇಳಿದ್ದ.

ಬೆಟ್ಟದ ದಾರಿಗಳೆಲ್ಲ ತಮ್ಮನಿಗೆ ಬಾಯಿಪಾಠವಾದವು. ಅಷ್ಟರಲ್ಲಿ ಅದೇ ಗೇಮಿನ ಹೊಸ ಡಿಸ್ಕು ಬಂತು. ಅದರಲ್ಲಿ ಸಮುದ್ರದ ಪಕ್ಕದ ರಸ್ತೆಗಳು. ತಮ್ಮ ಬಾಯಿಬಿಟ್ಟು ಕೇಳಲಿಲ್ಲ. ಆದರೆ ಡಬ್ಬಿಯ ಮೇಲಿನ ಚಿತ್ರವನ್ನು ಅಣ್ಣನ ಫೋನಿನಲ್ಲಿ ನೋಡಿ, "ನೀರು ಬಲಗಡೆ ಇರುತ್ತೋ ಎಡಗಡೆ ಇರುತ್ತೋ?" ಎಂದಿದ್ದ. ಅಷ್ಟು ಸಾಕಾಯಿತು. ಬಿಚ್ಚಪ್ಪ ತನ್ನ ನಿಯಮದಂತೆಯೇ ನೆಟ್ಟಿನಿಂದ ಇಳಿಸದೆ, ಡಿಸ್ಕನ್ನೇ ಕೈಯಲ್ಲಿ ಹಿಡಿದು ಮನೆಗೆ ತಂದ.

ಡಿಸ್ಕು ಒಳಗೆ ಹೋಯಿತು. ಪರದೆಯ ಮೇಲೆ ಬರಹ ಮೂಡಿತು: ಈ ಗೇಮ್ ಆಡಲು ಪೆಟ್ಟಿಗೆಯ ಸಾಫ್ಟ್‌ವೇರ್ ಹೊಸದಾಗಬೇಕು, ಅದು ಈ ಡಿಸ್ಕಿನಲ್ಲೇ ಇದೆ. ಅದರ ಕೆಳಗೆ ಒಪ್ಪಂದ, ಪುಟದ ಮೇಲೆ ಪುಟ. ಬಿಚ್ಚಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎಂದಿನಂತೆ ಜೋರಾಗಿ ಓದತೊಡಗಿದ. ತಮ್ಮನ ತುಟಿಯ ಮುಂದೆ ಕೊಳವೆ ಆಗಲೇ ಸಿದ್ಧವಾಗಿತ್ತು.

"ಅಣ್ಣಾ."

"ತಾಳೋ. ಇವರು ಒಳಗೆ ಏನೇನು ತುಂಬಿರ್ತಾರೋ."

"ನೀನು ಓದಿ ಮುಗಿಸೋ ಹೊತ್ತಿಗೆ ನನಗೆ ಮುಪ್ಪು ಬಂದಿರುತ್ತೆ."

ಮುಪ್ಪು ಅವನಿಗೆ ಬರುವುದಿಲ್ಲವೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಡಿಸ್ಕು ತಾನೆ, ನೆಟ್ಟಲ್ಲವಲ್ಲ, ಕೈಯಲ್ಲಿ ಹಿಡಿದು ತಂದದ್ದು ತಾನೆ, ಎಂದುಕೊಂಡ ಬಿಚ್ಚಪ್ಪ. ಊರಿಗೆಲ್ಲ ಒಪ್ಪಂದ ಓದಿ ಹೇಳುತ್ತಿದ್ದವನು ಓದುವುದನ್ನು ಅಲ್ಲಿಗೆ ಬಿಟ್ಟು "ಒಪ್ಪಿದ್ದೇನೆ" ಎಂಬುದನ್ನು ಒತ್ತಿದ.

ಪೆಟ್ಟಿಗೆ ಆರಿತು, ಮತ್ತೆ ಹತ್ತಿತು. ಸಮುದ್ರ ಕಾಣಿಸಿತು, ನೀರು ಎಡಗಡೆಯಿತ್ತು. ಹಳದಿ ಲಾರಿ ರಸ್ತೆಯ ಅಂಚಿನಲ್ಲಿ ನಿಂತಿತ್ತು. ತಮ್ಮ ಊದಿದ. ಸೋಪಿನ ಡಬ್ಬಿಯ ಹಸಿರು ದೀಪ ಹತ್ತಿತು. ಲಾರಿ ಅಲುಗಲಿಲ್ಲ. ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರಗಳು ಬಂದವು: ಈ ಉಪಕರಣಕ್ಕೆ ಅನುಮತಿ ಇಲ್ಲ.

"ಇನ್ನೊಂದ್ಸಲ ಊದು."

ಊದಿದ. ದೀಪ ಹತ್ತಿತು. ಅದೇ ಅಕ್ಷರಗಳು. ಹಳೆಯ ಡಿಸ್ಕು ಹಾಕಿದರು. ಬೆಟ್ಟದ ರಸ್ತೆಯಲ್ಲೂ ಅದೇ.

ಬಿಚ್ಚಪ್ಪ ಒಪ್ಪಂದವನ್ನು ಹುಡುಕಿ ತೆಗೆದು ಉಳಿದದ್ದನ್ನು ಈಗ ಮೌನವಾಗಿ ಓದಿದ. ಅವನು ನಿಲ್ಲಿಸಿದ ಜಾಗದಿಂದ ಸ್ವಲ್ಪ ಕೆಳಗೇ ಬರೆದಿತ್ತು: ಕಂಪನಿ ಒಪ್ಪದ ಉಪಕರಣಗಳು ಇನ್ನು ಕೆಲಸ ಮಾಡುವುದಿಲ್ಲ, ಒಮ್ಮೆ ಹೊಸದಾದ ಸಾಫ್ಟ್‌ವೇರನ್ನು ಹಳೆಯದಕ್ಕೆ ಮರಳಿಸಲಾಗುವುದಿಲ್ಲ.

ಮರುದಿನ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದ. ಆ ಕಡೆ ಒಬ್ಬ ಹೆಣ್ಣುಮಗಳು ತಾಳ್ಮೆಯಿಂದಲೇ ಕೇಳಿಸಿಕೊಂಡಳು.

"ಸರ್, ಅನುಮತಿ ಇರೋ ಕಂಟ್ರೋಲರ್ ತಗೊಳ್ಳಿ. ಕೈಯಲ್ಲಿ ಶಕ್ತಿ ಕಡಿಮೆ ಇರೋರಿಗೂ ನಮ್ಮಲ್ಲಿ ಇದೆ."

"ಕಡಿಮೆ ಅಲ್ಲಮ್ಮ, ಇಲ್ಲವೇ ಇಲ್ಲ. ನಾನು ಮಾಡಿರೋದಕ್ಕೇ ಅನುಮತಿ ಕೊಡಿ."

"ಅದಕ್ಕೆ ಕಂಪನಿಗಳು ಅರ್ಜಿ ಹಾಕಬೇಕು ಸರ್. ನಿಮ್ಮದು ಯಾವ ಕಂಪನಿ?"

"ಕಂಪನಿ ಅಲ್ಲಮ್ಮ. ಅಣ್ಣ."

"ಬೇರೆ ಏನಾದ್ರೂ ಸಹಾಯ ಬೇಕಾ ಸರ್?" ಎಂದಳು. ಅವಳಿಗೂ ಹಾಗೆ ಕೇಳಲೇಬೇಕಿತ್ತೇನೋ.

ಅನುಮತಿಯಿರುವ ಕಂಟ್ರೋಲರನ್ನು, ಅಂದರೆ ಕೈಯಲ್ಲಿ ಹಿಡಿದು ಗುಂಡಿ ಒತ್ತುವ ಗೇಮಿನ ರಿಮೋಟನ್ನು, ಅಂಗಡಿಯಿಂದಲೇ ತಂದ. ಅದನ್ನು ಬಿಚ್ಚಿ, ಅದರ ಹೊಟ್ಟೆಗೆ ತನ್ನ ಕೊಳವೆಯ ತಂತಿ ಬೆಸೆದರೆ ಪೆಟ್ಟಿಗೆಗೆ ಗೊತ್ತಾಗುವುದಿಲ್ಲವೆಂದು ಲೆಕ್ಕ ಹಾಕಿದ್ದ. ಹಳೆಯ ಕಂಟ್ರೋಲರುಗಳಾಗಿದ್ದರೆ ಆಗುತ್ತಿತ್ತು. ಇದರೊಳಗೆ ಕರಿ ಅಂಟು ಸುರಿದು ಎಲ್ಲವನ್ನೂ ಕಲ್ಲು ಮಾಡಿದ್ದರು. ಅಂಟು ಕೆರೆಯುತ್ತ ಕೆರೆಯುತ್ತ ಒಳಗಿನ ಸರ್ಕ್ಯೂಟ್ ಹಲಗೆಯೇ ಸೀಳಿತು. ಇನ್ನೊಂದು ತಂದ. ಅದೂ ಸೀಳಿತು. ಊಟದ ಮೇಜಿನ ಮೇಲೆ ಆ ಚೂರುಗಳನ್ನು ಹರವಿಕೊಂಡು ಕೂತವನನ್ನು ನೋಡಿ ಹೆಂಡತಿ ಅವತ್ತು ನೆಲದ ಮೇಲೇ ಊಟ ಬಡಿಸಿದಳು. ಬಿಚ್ಚಲಾಗದೆ ಕೂತ ಗಂಡನನ್ನು ಅವಳು ನೋಡಿದ್ದು ಅದೇ ಮೊದಲು.

ಉಳಿದದ್ದು ಒಂದೇ ದಾರಿ. ಅಪ್‌ಡೇಟ್ ಆಗದ ಹಳೆಯ ಪೆಟ್ಟಿಗೆಯೊಂದು ಸಿಗಬೇಕು. ಬಿಚ್ಚಪ್ಪ ಗೊತ್ತಿದ್ದವರನ್ನೆಲ್ಲ ಕೇಳಿದ. ಎಲ್ಲರ ಪೆಟ್ಟಿಗೆಗಳೂ ಹೊಸದಾಗಿದ್ದವು. ಎಲ್ಲರೂ "ಒಪ್ಪಿದ್ದೇನೆ" ಒತ್ತಿದ್ದರು. ಕೊನೆಗೆ ಹಳೇ ಸಾಮಾನು ಮಾರುವವನೊಬ್ಬ ಫೋನಿನಲ್ಲಿ ಹೇಳಿದ: "ಒಂದಿದೆ. ಯಾರೋ ತಂದು ಡಬ್ಬಿಯಿಂದ ತೆಗೆಯದೇ ಇಟ್ಟಿದ್ರು."

"ಅದನ್ನ ಯಾರಿಗೂ ಕೊಡಬೇಡಿ. ನಾಳೆ ಬರ್ತೀನಿ," ಎಂದ ಬಿಚ್ಚಪ್ಪ. ಆ ಸಂಜೆ ತಮ್ಮನ ಗಡ್ಡ ತಾನೇ ಬೋಳಿಸಿದ. "ಗದ್ದ ಸರಿಯಾಗಿರ್ಲಿ. ನಾಳೆ ಡ್ಯೂಟಿ ಇದೆ." ತಮ್ಮ ನಕ್ಕ.

ಮಾರುವವನು ಒಳ್ಳೆಯ ಮನುಷ್ಯ. ಬಿಚ್ಚಪ್ಪ ಹೋಗುವಷ್ಟರಲ್ಲಿ ಪೆಟ್ಟಿಗೆಯನ್ನು ಒರೆಸಿ ಹೊಳೆಯುವಂತೆ ಮಾಡಿ ಮೇಜಿನ ಮೇಲೆ ಇಟ್ಟಿದ್ದ. ಅದರ ದೀಪ ಹತ್ತಿತ್ತು.

"ಆನ್ ಮಾಡಿದ್ದೀರಾ?"

"ಮತ್ತೆ? ಪರೀಕ್ಷೆ ಮಾಡದೆ ಕೊಡೋ ಪೈಕಿ ನಾನಲ್ಲ. ನೆಟ್ಟಿಗೆ ಹಾಕಿ ಪೂರ್ತಿ ಅಪ್‌ಡೇಟು ಮಾಡಿಟ್ಟಿದ್ದೀನಿ, ಬೆಳಗಿಂದ ಅದೇ ಕೆಲಸ. ನಿಮಗೆ ಮನೆಗೆ ಹೋಗಿ ಏನೂ ತೊಂದ್ರೆ ಇಲ್ಲ."

ಬಿಚ್ಚಪ್ಪ ಆ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತ. ಅದು ಬೆಚ್ಚಗಿತ್ತು. ಮುಟ್ಟಬೇಡಿ, ಆನ್ ಮಾಡಬೇಡಿ ಎಂದು ಫೋನಿನಲ್ಲಿ ಒಂದು ಮಾತು ಹೇಳಲು ಮರೆತಿದ್ದ. ಎಲ್ಲರಿಗೂ ಎಲ್ಲವನ್ನೂ ಹೇಳಿದವನಿಗೆ ಆ ಒಂದು ಮಾತು ಬಾಯಿಗೆ ಬಂದಿರಲಿಲ್ಲ.

ಮನೆಗೆ ಬರಿಗೈಯಲ್ಲಿ ಬಂದ. ತಮ್ಮ ಅವನ ಕೈ ನೋಡಿದ. "ಸರಿ, ನೀನೇ ಓಡ್ಸು. ನಾನು ದಾರಿ ಹೇಳ್ತೀನಿ," ಎಂದ.

ಬಿಚ್ಚಪ್ಪ ಸಾಧಾರಣ ಕಂಟ್ರೋಲರ್ ಹಿಡಿದು ತಮ್ಮನ ಪಕ್ಕ ಕೂತ. ಗೇಮುಗಳ ಹಕ್ಕಿನ ಬಗ್ಗೆ ಅಷ್ಟೆಲ್ಲ ಮಾತಾಡುವವನಿಗೆ ಗೇಮ್ ಆಡಲು ಬರುತ್ತಿರಲಿಲ್ಲ.

"ಎಡಕ್ಕೆ ತಗೋ. ಎಡಕ್ಕೆ... ಅಣ್ಣಾ, ಅದು ಬಲ. ಹೋಯ್ತು, ಬೇಲಿ ಹೋಯ್ತು. ಇಷ್ಟು ವರ್ಷ ನಮ್ಮ ಮಿಕ್ಸಿ ಹೇಗೆ ಉಳೀತೋ."

ಅತ್ತಿಗೆಯೂ ಬಂದು ನಿಂತು ನಕ್ಕಳು. ಲಾರಿ ಸಮುದ್ರದ ಪಕ್ಕ ತೂರಾಡುತ್ತ ಹೋಯಿತು. ಸ್ವಲ್ಪ ದೂರ ಹೋದ ಮೇಲೆ ತಮ್ಮ ದಾರಿ ಹೇಳುವುದನ್ನು ನಿಲ್ಲಿಸಿದ. ಲಾರಿ ಬಂಡೆಗೆ ಗುದ್ದಿ ನಿಂತಿತು.

"ಸಾಕು ಅಣ್ಣಾ. ಆರ್ಸು."

"ಕಲೀತೀನಿ ಕಣೋ. ಎರಡು ದಿನ ಕೊಡು."

"ಅದಕ್ಕಲ್ಲ. ನೀನು ಓಡಿಸಿದ್ರೆ ನಾನು ಡ್ರೈವರ್ ಅಲ್ಲ. ಲೋಡು."

ಬಿಚ್ಚಪ್ಪ ಆರಿಸಿದ.

ಅಂಗಡಿಯಲ್ಲಿ ಈಗ ಮ್ಯಾನೇಜರಿಗೆ ಅವನ ಮೇಲೆ ದೂರಿಲ್ಲ. ಟಿ.ವಿ.ಗಳು ಚೆನ್ನಾಗಿ ಮಾರಾಟವಾಗುತ್ತಿವೆ. ಮೊನ್ನೆ ವಯಸ್ಸಾದ ದಂಪತಿ ಬಂದು, ಗಿಣಿ ನೋಡಿ, ಪರದೆಯ ಮೇಲೆ ಸಾಲುಸಾಲಾಗಿ ಬಂದ ಅಕ್ಷರ ತೋರಿಸಿ, "ಇದೇನಪ್ಪಾ ಇಷ್ಟುದ್ದ ಬರೆದಿದಾರೆ?" ಎಂದು ಕೇಳಿದರು.

"ಏನಿಲ್ಲ ತಾತ," ಎಂದ ಬಿಚ್ಚಪ್ಪ. "ಒಪ್ಪಿದ್ದೇನೆ ಅಂತ ಒತ್ತಿ."

ಮನೆಯಲ್ಲಿ ತಮ್ಮನ ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿದ್ದಾರೆ. ಕೆಳಗೆ ರಸ್ತೆ ಕಾಣುತ್ತದೆ, ಸಿಗ್ನಲ್ ಕಾಣುತ್ತದೆ. ಯಾವುದಕ್ಕೂ ಸೇರಿಸದ ಸೋಪಿನ ಡಬ್ಬಿಯನ್ನು ತಂದು ಮಡಿಲಲ್ಲಿ ಇಡಿ ಎಂದು ಅವನೇ ಕೇಳಿದ. ಬಿಚ್ಚಪ್ಪ ಅದರೊಳಗೆ ಒಂದು ಬ್ಯಾಟರಿ ಹಾಕಿಕೊಟ್ಟ. ಕೆಳಗೆ ಹಸಿರು ಬಿದ್ದರೆ ತಮ್ಮ ಊದುತ್ತಾನೆ, ಡಬ್ಬಿಯ ದೀಪ ಹತ್ತುತ್ತದೆ, ಗಾಡಿಗಳು ಹೊರಡುತ್ತವೆ. ಕೆಂಪು ಬಿದ್ದರೆ ಉಸಿರು ಎಳೆದುಕೊಳ್ಳುತ್ತಾನೆ. ಬ್ರೆಡ್ಡಿನ ವ್ಯಾನು ಬಂದರೆ ಅದು ತಿರುವು ದಾಟುವವರೆಗೆ ಅವನ ಗದ್ದ ಬಾಗುತ್ತದೆ.

ಇತ್ತೀಚೆಗೆ ದೀಪ ಸರಿಯಾಗಿ ಹತ್ತುವುದಿಲ್ಲ.

"ಗಾಳಿ ಸಾಲ್ತಿಲ್ಲ ಅಣ್ಣಾ. ಸ್ವಲ್ಪ ಸಡಿಲ ಮಾಡು," ಎಂದ ನಿನ್ನೆ. ಒಂದೊಂದೇ ಮಾತು ನಿಧಾನವಾಗಿ ಬಂತು.

ಬಿಚ್ಚಪ್ಪ ಸಣ್ಣ ಸ್ಕ್ರೂಡ್ರೈವರ್ ತಂದು ಪಕ್ಕದಲ್ಲಿ ಮಂಡಿಯೂರಿ ಕೂತ. ತಿರುಪು ಆಗಲೇ ಕೊನೆಗೆ ಬಂದು ನಿಂತಿತ್ತು, ಇನ್ನು ಸಡಿಲವಾಗುವಂತಿರಲಿಲ್ಲ. ಆದರೂ ಸ್ಕ್ರೂಡ್ರೈವರನ್ನು ತಿರುಪಿನ ಮೇಲಿಟ್ಟು, ಒಮ್ಮೆ ಟಿಕ್ಕೆಂದು ಸದ್ದು ಮಾಡಿದ.

"ಈಗ?"

ತಮ್ಮ ಊದಿದ. ಇಬ್ಬರೂ ಡಬ್ಬಿಯನ್ನೇ ನೋಡುತ್ತಿದ್ದರು. ದೀಪ ಹತ್ತಲಿಲ್ಲ. ಕೆಳಗೆ ಗಾಡಿಗಳು ಹೊರಟವು.

"ಹೂಂ, ಈಗ ಸರಿಹೋಯ್ತು," ಎಂದ ತಮ್ಮ.