ಶಾಂತವ್ವ ಕೇಳಿದ ಶೇಂಗಾ ಪ್ರಶ್ನೆ

“ಬಡಸೂಕಿಂತ ಮೊದ್ಲ ಒಂದ್ ಮಾತು ಕೇಳ್ತೇನ್ರಿ. ನಿಮ್ಮೊಳಗ ಶೇಂಗಾ ತಿಂದ್ರ ಆಗದವ್ರು ಯಾರರೆ ಅದಾರೇನ್ರಿ?”

ಬದನೆಕಾಯಿ ಎಣ್ಣೆಗಾಯಿಯ ಪಾತ್ರೆ ಹಿಡಿದು ನಮ್ಮ ಅಡುಗೆಯ ಶಾಂತವ್ವ ಹೀಗೆ ಕೇಳಿದಾಗ ನನಗೆ ಸಿಟ್ಟೇ ಬಂತು. ದಾಂಡೇಲಿ ಹತ್ತಿರದ ಕೋಗಿಲಬನದಲ್ಲಿ ನನ್ನದೊಂದು ಪುಟ್ಟ ಹೋಂಸ್ಟೇ. ರಾಫ್ಟಿಂಗ್ ಮುಗಿಸಿ ಹಸಿದು ಕೂತವರಿಗೆ ಇದೆಂಥ ಪ್ರಶ್ನೆ? ನಮ್ಮಲ್ಲಿ ಶೇಂಗಾಪುಡಿ ಬೀಳದ ಪಲ್ಯವೇ ಅಪರೂಪ. ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಅತಿಥಿಸತ್ಕಾರದ ಕೋರ್ಸಿಗೆ ಅವಳು ಸೇರಿದಾಗ, ಇಪ್ಪತ್ತು ವರ್ಷ ರೊಟ್ಟಿ ಬಡಿದವಳಿಗೆ ಇನ್ನೆಂಥ ಪಾಠ ಎಂದು ನಾನು ನಕ್ಕಿದ್ದೆ. ಈ ಪ್ರಶ್ನೆ ಅಲ್ಲಿ ಕಲಿತದ್ದೇ.

ಅಷ್ಟರಲ್ಲಿ ಮಂಗಳೂರಿನಿಂದ ಬಂದಿದ್ದ ತಾಯಿಯೊಬ್ಬರು ಮಗಳ ತಟ್ಟೆಯನ್ನು ಸರಕ್ಕನೆ ತಮ್ಮತ್ತ ಎಳೆದುಕೊಂಡರು. “ಇವಳಿಗೆ ಶೇಂಗಾ ಆಗುವುದೇ ಇಲ್ಲ, ಗಂಟಲು ಊದಿ ಉಸಿರು ಕಟ್ಟುತ್ತದೆ. ಬದನೆಕಾಯಿಗೂ ಹಾಕ್ತೀರಾ?”

ನಾನು ಅಡುಗೆಮನೆಗೆ ಓಡಿ, ಹುಡುಗಿಗೆಂದು ಆಲೂಗಡ್ಡೆ ಪಲ್ಯ ಮಾಡಲು ಬಾಣಲೆಗೆ ಎಣ್ಣೆ ಸುರಿಯಹೊರಟೆ. ಶಾಂತವ್ವ ಕೈ ಹಿಡಿದಳು. “ಬ್ಯಾಡ್ರಿ ಅಕ್ಕಾರ, ಆ ಎಣ್ಣಿನೂ ಶೇಂಗಾದ್ದ ಐತಿ.”

ಬಾಣಲೆಯನ್ನು ಚೆನ್ನಾಗಿ ತೊಳೆದು, ತುಪ್ಪದಲ್ಲಿ ಒಗ್ಗರಣೆ ಹಾಕಿ ಅವಳೇ ಪಲ್ಯ ಮಾಡಿದಳು. ಹುಡುಗಿ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಚಾಚಿದಳು.

ಈಗ ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ನಾವಿಬ್ಬರೂ ಒಂದೇ ಮೊಬೈಲಿನ ಮುಂದೆ ಕೂರುತ್ತೇವೆ. ನಾನಿನ್ನೂ ಎರಡನೇ ಪಾಠದಲ್ಲಿದ್ದೇನೆ. ಉತ್ತರ ತಪ್ಪಿದಾಗಲೆಲ್ಲ ಶಾಂತವ್ವ ಬಾಯಿಗೆ ಸೆರಗು ಹಿಡಿದು ನಗುತ್ತಾಳೆ. ನಗಲಿ, ಈಗ ಸರದಿ ಅವಳದು.