ಗುಮಾಸ್ತನ ಬೆನ್ನಿನ ಮೇಲೊಂದು ಸುತ್ತು

ನಮ್ಮ ಅತ್ತಿಗೆಯ ತಂದೆಗೆ ಮಗಳು ಲಾಯರ್ ಆಗಲಿ ಎಂಬ ಆಸೆಯಿತ್ತು. ಕೊನೆಯ ಅಕ್ಷರವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನೆರವೇರಿತು. ಬಸ್ ಡಿಪೋ ದಾಟಿ, ಟೈಲ್ಸ್ ಗೋದಾಮಿನ ಹಿಂದೆ ಹೋದರೆ ಅವರ ಲಾಯ ಸಿಗುತ್ತದೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಸವಾರಿ ಪಾಠ. ಸಂಜೆ ಥೆರಪಿ. ಮಾತು ತಡವಾದ ಮಕ್ಕಳು, ಕಾಲಿನ ಸ್ವಾಧೀನ ತಪ್ಪಿದವರು, ಸ್ಟ್ರೋಕ್ ಆಗಿ ಚೇತರಿಸಿಕೊಳ್ಳುತ್ತಿರುವವರು ಆಗ ಬರುತ್ತಾರೆ. ಕುದುರೆ ಹೆಜ್ಜೆ ಹಾಕುವಾಗ ಮೇಲೆ ಕೂತವರ ಸೊಂಟವೂ ನಡೆದಂತೆಯೇ ಆಡುತ್ತದೆ, ಮರೆತ ನಡಿಗೆ ಮೈಗೆ ನೆನಪಾಗುತ್ತದೆ ಎಂದು ಅತ್ತಿಗೆ ವಿವರಿಸುತ್ತಾರೆ. ಕುದುರೆಯಿಂದ ಆರೋಗ್ಯ ಕುದುರುವುದರಲ್ಲಿ ಆಶ್ಚರ್ಯವೇನು ಎಂದು ಒಮ್ಮೆ ನಾನು ಹೇಳಿದ್ದಕ್ಕೆ, ಲದ್ದಿ ಬಾಚುವ ಸಲಿಕೆಯನ್ನು ನನ್ನ ಕೈಗಿತ್ತರು.

ಸಂಜೆಯ ಕೆಲಸಕ್ಕೆ ಅವರು ನೆಚ್ಚಿಕೊಂಡಿರುವ ಕುದುರೆಯ ಹೆಸರು ಗುಮಾಸ್ತ. ಕಂದು ಬಣ್ಣ, ಅಗಲ ಬೆನ್ನು, ಮುಖದಲ್ಲಿ ಸದಾ ಊಟದ ವಿರಾಮ ಮುಗಿಯದ ಭಾವ. ಮೇಲೆ ಕೂತವರ ಭಾರ ಸ್ವಲ್ಪ ಒಂದು ಕಡೆಗೆ ವಾಲಿದರೂ ಸಾಕು, ಅಲ್ಲೇ ನಿಂತುಬಿಡುತ್ತದೆ. ಎಲ್ಲವೂ ಕ್ರಮಬದ್ಧವಾಗುವ ತನಕ ಫೈಲು ಮುಂದಕ್ಕೆ ಹೋಗುವುದಿಲ್ಲ. ಅತ್ತಿಗೆ ವರ್ಷಗಟ್ಟಲೆ ತಾಳ್ಮೆಯಿಂದ ಕಲಿಸಿದ ಗುಣ ಅದು. ಅದರ ದೆಸೆಯಿಂದ ಇವತ್ತಿನವರೆಗೆ ಒಂದು ಮಗುವೂ ನೆಲ ಮುಟ್ಟಿಲ್ಲ.

ಹಾಗಿರುವಾಗ ಫೋಟೋ ಸ್ಟುಡಿಯೋದವರು ಬಂದರು. ಊರಿನ ಅರ್ಧ ಜನಕ್ಕೆ 'ಭುಜ ನೇರ ಮಾಡಿ, ಗಲ್ಲ ಎತ್ತಿ' ಎಂದು ಹೇಳಿ ಬದುಕಿದ ಮನುಷ್ಯ. ಸ್ಟ್ರೋಕ್ ಆದ ಮೇಲೆ ಅವರ ದೇಹ ಎಡಕ್ಕೆ ವಾಲಿತ್ತು. ತಮಾಷೆಯೆಂದರೆ, ಅದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಅಕ್ಕಪಕ್ಕ ಇಬ್ಬರು ಕೆಲಸದವರು ಹಿಡಿದುಕೊಂಡು ನಡೆದಷ್ಟು ದಿನ ಎಲ್ಲ ಸರಿಯಿತ್ತು. ಹೆಂಡತಿ ಮಾತ್ರ ಬೇಲಿಯಾಚೆ ನಿಂತು ಅವರ ಮೇಲೆ ಕಣ್ಣಿಟ್ಟೇ ಇರುತ್ತಿದ್ದರು; ನಮ್ಮ ಅಮ್ಮ ಕೊಟ್ಟ ಚಹಾ ಪ್ರತಿಸಲವೂ ಕೈಯಲ್ಲೇ ಆರಿಹೋಗುತ್ತಿತ್ತು. ಒಂದು ಸಂಜೆ ಅವರು ಅತ್ತಿಗೆಯನ್ನು ಹತ್ತಿರ ಕರೆದರು.

"ಮೇಡಂ, ಒಂದು ಸುತ್ತು. ಯಾರೂ ಮುಟ್ಟಬಾರ್ದು. ಸ್ನಾನಕ್ಕೆ ಇವಳು ಹಿಡೀತಾಳೆ, ಮೆಟ್ಟಿಲಲ್ಲಿ ಅಳಿಯ ಹಿಡೀತಾನೆ, ಅಂಗಿ ಗುಂಡಿಗೆ ಮೊಮ್ಮಗಳು. ಗೊಂಬೆ ಆಗಿಬಿಟ್ಟಿದ್ದೀನಿ. ಒಂದೇ ಸುತ್ತು."

ಅತ್ತಿಗೆ ಕೆಲಸದವರಿಗೆ ಕೈ ಬಿಡಲು ಹೇಳಿದರು. ಬಿಟ್ಟರು. ಸ್ಟುಡಿಯೋದವರು ಎಡಕ್ಕೆ ವಾಲಿದರು. ಗುಮಾಸ್ತ ನಿಂತಿತು. ಮತ್ತೆ ನಡೆಸಿದರು, ಮತ್ತೆ ನಿಂತಿತು.

"ರೀ, ಸೊಟ್ಟ ಕೂತಿದ್ದೀರಿ," ಎಂದರು ಬೇಲಿಯಾಚೆಯಿಂದ ಹೆಂಡತಿ.

"ನಾನು ನೇರವಾಗೇ ಇದ್ದೀನಿ. ಇವರ ಬೇಲಿ ಸೊಟ್ಟ ಇದೆ!"

ಎಡ ತೊಡೆಯ ಕೆಳಗೆ ದಿಂಬಿಟ್ಟು ನೋಡಿದ್ದಾಯಿತು. "ತೊಟ್ಟಿಲನ್ನೂ ತಂದ್ಬಿಡಿ," ಎಂದು ಅದನ್ನು ಎಸೆದರು. ಇಳಿಸುವಾಗ ಮಾತ್ರ ತಮಾಷೆಯಿರಲಿಲ್ಲ. "ಕುದುರೇನೂ ನನ್ನ ನಂಬಲ್ಲ ಅಂದ್ಮೇಲೆ ಮುಂದಿನ ವಾರದಿಂದ ಬರೋದು ಬೇಡ ಬಿಡಿ," ಎಂದು ಹೆಂಡತಿಯ ಭುಜ ಹಿಡಿದು ಆಟೋ ಕಡೆ ನಡೆದರು.

ಬೇರೆ ಕುದುರೆಗಳ ಮೇಲೆ ಕೂರಿಸುವಂತಿರಲಿಲ್ಲ, ಅವೆಲ್ಲ ಚುರುಕು ಜಾತಿ. ಗುಮಾಸ್ತನ ಪಾಠವನ್ನು ಅಳಿಸುವಂತೆಯೂ ಇರಲಿಲ್ಲ. ಅಳಿಸಿದರೆ ನಾಳೆ ಜಾರುವ ಮಗುವಿಗೆ ಯಾರು ದಿಕ್ಕು? ಊಟದ ಹೊತ್ತಿನಲ್ಲಿ ಅತ್ತಿಗೆ ಸೌಟನ್ನು ಸಾರಿನೊಳಗೇ ಬಿಟ್ಟು ತಲೆಯೆತ್ತಿದರು. "ಅವರ ಸೊಟ್ಟವೇ ಅವರ ನೇರ. ವಾಲಿರೋದು ಬೇರೆ, ಜಾರೋದು ಬೇರೆ. ಅದನ್ನ ಗುಮಾಸ್ತನಿಗೆ ಹೇಳಿಕೊಡಬೇಕು."

ಸ್ಟುಡಿಯೋದವರ ಹೆಂಡತಿಗೆ ಫೋನ್ ಮಾಡಿ, ಒಂದು ತಿಂಗಳು ಸಮಯ ಕೊಡಿ ಎಂದು ಕೇಳಿಕೊಂಡರು. ಮರುದಿನದಿಂದ ತಾವೇ ಗುಮಾಸ್ತನ ಮೇಲೆ ಎಡಕ್ಕೆ ವಾಲಿ ಕೂತು ಸುತ್ತು ಹಾಕತೊಡಗಿದರು. ಅಲುಗದೆ ವಾಲಿ ಕೂತಾಗ 'ನಡಿ' ಅನ್ನುವುದು, ನಡೆದರೆ ಬೆಲ್ಲ. ಇದ್ದಕ್ಕಿದ್ದಂತೆ ಜಾರಿದಾಗ ಅದು ನಿಂತರೆ, ಆಗಲೂ ಬೆಲ್ಲ. ಮೊದಮೊದಲು ಗುಮಾಸ್ತ ಎರಡಕ್ಕೂ ನಿಂತು, ಕತ್ತು ತಿರುಗಿಸಿ, ಮೇಲಧಿಕಾರಿಗೆ ತಲೆ ಕೆಟ್ಟಿತೇ ಎಂಬಂತೆ ನೋಡುತ್ತಿತ್ತು.

ಅಮ್ಮ ಬೇಲಿಗೆ ಒರಗಿ ನೋಡಿದರು. "ಏನೇ ಇದು, ಲಾರಿ ಗುದ್ದಿದ ಲೈಟ್ ಕಂಬದ ಹಾಗೆ ಕೂತಿದ್ದೀಯ?"

"ಅಭ್ಯಾಸ ಅತ್ತೆ."

"ಈ ಅಭ್ಯಾಸ ಬಂದ್ರೆ ಹೋಗಲ್ಲ ಕಣೆ. ನಿಮ್ಮ ಮಾವ ಹೀಗೇ ಕೂತು ಕೂತು ಮೂರು ಸೋಫಾ ಹಾಳು ಮಾಡಿದ್ರು."

ಜಾರುವ ಕೆಲಸಕ್ಕೆ ಭಾರವಾದ ಆಳು ಬೇಕಾಯಿತು. ಆ ಹುದ್ದೆ ನಮ್ಮ ಅಣ್ಣನ ಪಾಲಿಗೆ ಬಂತು.

"ಲೇ, ನಾನು ಹಲ್ಲಿನ ಡಾಕ್ಟರ್. ನನ್ನ ಹಲ್ಲು ಉದುರಿದ್ರೆ ಯಾರಿಗೆ ತೋರಿಸ್ಲಿ?"

"ಕನ್ನಡಿಗೆ ತೋರಿಸ್ಕೊಳ್ಳಿ. ಹತ್ರೀ ಸುಮ್ನೆ."

ಅಣ್ಣ ಹತ್ತಿದ, ಜಾರಿದ, ಬೈದ, ಮತ್ತೆ ಹತ್ತಿದ. ಬೆಲ್ಲ ಮಾತ್ರ ಕುದುರೆಗೆ.

ಈ ನಡುವೆ ಒಂದು ಎಡವಟ್ಟಾಯಿತು. ಅತ್ತಿಗೆ ತಮಗೆ ತಿಳಿಯದೆಯೇ ಬೆಳಗಿನ ಪಾಠದಲ್ಲೂ ವಾಲಿ ಕೂರತೊಡಗಿದ್ದರು. ಟೀಚರ್ ಮಾಡಿದ್ದೇ ಸರಿ ಎಂದು ಮಕ್ಕಳೂ ವಾಲಿದರು. ಸಾಲಾಗಿ ಬರುತ್ತಿದ್ದ ಕುದುರೆಗಳ ಮೇಲೆ ಎಲ್ಲ ಹೆಲ್ಮೆಟ್ಟುಗಳೂ ಗಾಳಿಗೆ ಬಾಗಿದ ಪೈರಿನಂತೆ ಒಂದೇ ಕಡೆಗಿದ್ದವು. ಒಬ್ಬ ತಾಯಿ ಭಯಭಕ್ತಿಯಿಂದ ಕೇಳಿದರು, "ಮೇಡಂ, ಇದು ಫಾರಿನ್ ಸ್ಟೈಲಾ?" ಅತ್ತಿಗೆ ನಕ್ಕು ನಕ್ಕು ನೇರವಾದರು.

ಕೊನೆಗೆ ಸ್ಟುಡಿಯೋದವರನ್ನು ಕರೆಸಿದರು. ಹೆಂಡತಿ ಅವರ ಹೆಲ್ಮೆಟ್ ಪಟ್ಟಿ ಬಿಗಿದು, ಎಳೆದು ನೋಡಿ, ಮತ್ತೊಮ್ಮೆ ಎಳೆದು, ಬೇಲಿಯಾಚೆ ಬಂದರು. ಹಿಡಿಯಲು ಗಂಡನಿಲ್ಲದೆ ಅಮ್ಮನ ಮಣಿಕಟ್ಟು ಹಿಡಿದರು.

"ನಡಿ," ಎಂದರು ಸ್ಟುಡಿಯೋದವರು, ವಾಲಿಕೊಂಡೇ.

ಗುಮಾಸ್ತನ ಕಿವಿ ಹಿಂದಕ್ಕೆ ತಿರುಗಿತು. ಒಂದು ಕ್ಷಣ ಯೋಚಿಸಿ, ನಡೆಯಿತು. ಯಾರ ಕೈಯೂ ಇಲ್ಲ. ಮೊದಲ ತಿರುವು ದಾಟಿತು. ಆಚೆ ಮೂಲೆಯಲ್ಲಿ ಅವರಿಗೆ ಜೋರಾಗಿ ಸೀನು ಬಂತು. ದೇಹ ಇನ್ನಷ್ಟು ಜಾರಿತು. ಗುಮಾಸ್ತ ಗಕ್ಕನೆ ನಿಂತಿತು.

ಕೆಲಸದವರು ಓಡಲು ಹೊರಟರು. ಅತ್ತಿಗೆ ಕೈ ಅಡ್ಡ ಹಿಡಿದರು. ಅವರದೇ ಒಂದು ಕಾಲು ಮಾತ್ರ ತಾನಾಗಿ ಮುಂದಕ್ಕೆ ಹೋಗಿತ್ತು. ಅದನ್ನೂ ಹಿಂದಕ್ಕೆ ತಂದರು. ಸ್ಟುಡಿಯೋದವರು ಬಲಗೈಯಲ್ಲಿ ಕುದುರೆಯ ಕತ್ತಿನ ಕೂದಲು ಹಿಡಿದು, ಹಲ್ಲು ಕಚ್ಚಿ, ಅಷ್ಟಷ್ಟೇ ಮೇಲಕ್ಕೆ ಬಂದರು. ತಮ್ಮ ನೇರಕ್ಕೆ ಬಂದು ಮುಟ್ಟಿದರು. ಉಸಿರು ಬಿಟ್ಟರು.

"ನಡಿಯಪ್ಪ, ಶೀತ ಅಷ್ಟೆ."

ಗುಮಾಸ್ತ ನಡೆಯಿತು. ಸುತ್ತು ಮುಗಿಯಿತು. ಅತ್ತಿಗೆ ಇಳಿಸಲು ಹತ್ತಿರ ಹೋದರೆ, ಅವರು ಮುಟ್ಟಬೇಡಿ ಎಂಬಂತೆ ಬೆರಳೆತ್ತಿದರು. "ಇನ್ನೊಂದು."

"ಆಸೆ ನೋಡು!" ಎಂದು ಹೆಂಡತಿ ಬೈದರು. ಮುಖದ ತುಂಬ ನಗು. ಅಮ್ಮನ ಮಣಿಕಟ್ಟು ಬಿಟ್ಟರು. ಬೆಂಚಿನ ಮೇಲೆ ಗಂಡನಿಗೆ ಬೆನ್ನು ತಿರುಗಿಸಿ ಕೂತು, ಅಮ್ಮ ಕೊಟ್ಟ ಚಹಾದ ಲೋಟ ಎತ್ತಿಕೊಂಡರು.

"ನೋಡಲ್ವೇನಮ್ಮ ಯಜಮಾನ್ರನ್ನ?" ಎಂದರು ಅಮ್ಮ.

"ಅದು ನೋಡ್ಕೊಳ್ಳುತ್ತೆ ಬಿಡಿ," ಎಂದು ಆಕೆ ಒಂದು ಗುಟುಕು ಕುಡಿದು, ತುಟಿ ಸುಟ್ಟುಕೊಂಡು, ಸಂತೋಷದಿಂದ ಹೇಳಿದರು, "ಬಿಸಿಯಾಗಿದೆ!"