ತೂಗದೆ ಹೇಳಿದ ತೂಕ

ಅಕ್ಕ ನನಗೆ ಒಂದೇ ಕೆಲಸ ಹೇಳಿದ್ದಳು. ಸಾಮಾನು ಅಳತೆಯ ಸೇರಿಗೆ ತುಂಬಿ ತೂಗಿ ನೋಡು ಎಂದಿದ್ದಳು. ನಾನು ತೂಗಲಿಲ್ಲ. ತೂಗಿದ್ದೇನೆ ಎಂದು ಹೇಳಿದೆ.

ಗೋಕಾಕದ ಒಂದು ಕಿರಾಣಿ ಅಂಗಡಿಯಲ್ಲಿ ದಿನವಿಡೀ ತೂಗಿ ಕಟ್ಟುವುದೇ ನನ್ನ ಕೆಲಸ. ನಾನು ಏಳನೇ ಇಯತ್ತೆಗೇ ಶಾಲೆ ಬಿಟ್ಟವನು. ತಮ್ಮನಿಗೆ ತಕ್ಕಡಿಯಾದರೂ ಒಲಿಯಿತಲ್ಲ ಎಂದು ಅಕ್ಕ ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಿದ್ದಳು.

ಆ ವರ್ಷ ಮಮದಾಪುರದಲ್ಲಿ ಅಕ್ಕ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಅದೇ ಹೊತ್ತಿಗೆ ಹುಕ್ಕೇರಿಗೆ ಕೊಟ್ಟ ಅವಳ ಮಗಳಿಗೆ ಎರಡನೆಯ ಹೆರಿಗೆಯಾಯಿತು. ಬಾಣಂತಿಗೆ ಅಂಟಿನ ಉಂಡೆ ತವರಿನಿಂದಲೇ ಹೋಗಬೇಕು. ಅದನ್ನು ಕಟ್ಟುವ ಪಾಳಿ ಮೂಡಲಗಿಯಲ್ಲಿ ಮನೆ ಮಾಡಿಕೊಂಡಿದ್ದ ಅಕ್ಕನ ಸೊಸೆಗೆ ಬಂತು. ಅಕ್ಕನ ಲೆಕ್ಕವೆಲ್ಲ ನಮ್ಮವ್ವನ ಹಿತ್ತಾಳೆ ಸೇರಿನದು: ಕೊಬ್ಬರಿ ತುರಿ ಎರಡು ಸೇರು, ಉತ್ತತ್ತಿ ಒಂದು, ಬೆಲ್ಲ ಒಂದೂವರೆ. ಸೊಸೆಗೆ ಗೊತ್ತಿದ್ದದ್ದು ಕಿಲೋ. ಅದಕ್ಕೇ ಅಕ್ಕ ಆ ಸೇರನ್ನು ನಾನಿದ್ದ ಅಂಗಡಿಗೆ ಕಳಿಸಿ ಫೋನ್ ಮಾಡಿದಳು.

“ಒಂದೊಂದ ಸಾಮಾನ ಇದರಾಗ ತುಂಬಿ ತೂಗು. ಎಷ್ಟ ಬರತೈತಿ ಆಕಿಗೆ ಹೇಳು ತಮ್ಮಾ. ಹುಡುಗಿ ಮೊದಲನೇ ಸಲ ಮಾಡಾಕತ್ತೈತಿ.”

ಮದುವೆಯ ಸುಗ್ಗಿ, ಅಂಗಡಿಯಲ್ಲಿ ಗದ್ದಲ. ಸೇರನ್ನು ಚೀಲದ ಹಿಂದೆ ಇಟ್ಟೆ. ಜೋಳ ತುಂಬಿದರೆ ಅದು ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆಂದು ಮೊದಲಿನಿಂದ ಗೊತ್ತಿತ್ತು. ಅಷ್ಟೇ ಸಾಕೆನಿಸಿ ಸೊಸೆಗೆ ಫೋನ್ ಹಚ್ಚಿದೆ.

“ಸೇರು ಅಂದ್ರ ಒಂದ ಕಿಲೋ ಹಿಡಿಯವ್ವಾ. ಎಲ್ಲಾಕೂ ಅಷ್ಟ.”

“ತೂಗಿ ನೋಡೀರೇನ್ರಿ ಮಾಮಾ?”

“ನೋಡೇನಿ.”

ಮರುದಿನ ಅವಳೇ ಮತ್ತೆ ಫೋನ್ ಮಾಡಿದಳು. “ಮಾಮಾ, ಕೊಬ್ಬರಿ ಪರಾತ ತುಂಬಿ ಚೆಲ್ಲಾಕತ್ತೈತ್ರಿ. ಬಾಳ ಆತು ಅನಸ್ತೈತಿ.”

ಎದುರಿಗೆ ಗಿರಾಕಿಗಳು ನಿಂತಿದ್ದರು. “ನಿಮ್ಮತ್ತಿ ಲೆಕ್ಕ ಐತಿ ಅದು. ಸುಮ್ಮ ಹಾಕು,” ಎಂದು ಗದರಿಸಿಬಿಟ್ಟೆ.

ಹುಕ್ಕೇರಿ ಮುಟ್ಟುವಷ್ಟರಲ್ಲಿ ಡಬ್ಬಿಯಲ್ಲಿ ಒಂದೂ ಉಂಡೆ ಇಡಿಯಾಗಿ ಉಳಿದಿರಲಿಲ್ಲ. ಬೀಗತಿ ಅಕ್ಕನಿಗೆ ಫೋನ್ ಮಾಡಿದರಂತೆ: “ಉಂಡಿ ಮುಟ್ಟ್ಯಾವ್ರಿ. ಚಮಚಾ ಕಳಿಸೂದ ಮರ್ತೀರೇನು?”

ಅಕ್ಕ ಅವರೊಡನೆ ನಕ್ಕಳು. ಸಿಟ್ಟು ಸೊಸೆಯ ಮೇಲೆ ಬಂತು. “ಬೆಲ್ಲಕ್ಕ ಕೈ ಹಿಡದು ಕೊಬ್ಬರಿ ಸುರುವ್ಯಾಳ,” ಎಂದು ಫೋನಿನಲ್ಲಿ ನನ್ನ ಹತ್ತಿರವೇ ಬೈದುಕೊಂಡಳು. ಸೊಸೆ ಅತ್ತೆಯ ಮುಂದೆ ನನ್ನ ಮಾತೆತ್ತಿರಲಿಲ್ಲ.

ಆ ಸಂಜೆ ಚೀಲದ ಹಿಂದಿನಿಂದ ಸೇರು ತೆಗೆದು ಕೊಬ್ಬರಿ ತುರಿ ತುಂಬಿ ತೂಗಿದೆ. ಅರ್ಧ ಕಿಲೋ ಸಹ ಬರಲಿಲ್ಲ. ಕುಟ್ಟಿದ ಬೆಲ್ಲ ಒತ್ತಿ ತುಂಬಿದರೆ ಕಿಲೋದ ಹತ್ತಿರ ಬಂತು. ಬೆಲ್ಲ ಇದ್ದಷ್ಟೇ ಇದ್ದು ಕೊಬ್ಬರಿ ಎರಡರಷ್ಟಕ್ಕಿಂತ ಹೆಚ್ಚಾದರೆ ಪಾಕ ಎಲ್ಲಿಂದ ಹಿಡಿದೀತು? ಫೋನ್ ಜೇಬಿನಲ್ಲೇ ಇತ್ತು. ಸೇರನ್ನು ಒರೆಸಿ ಮತ್ತೆ ಚೀಲದ ಹಿಂದೆಯೇ ಇಟ್ಟೆ.

ನಾಗರಪಂಚಮಿಗೆ ಸೊಸೆ ಮಮದಾಪುರಕ್ಕೆ ಬಂದಳು. ಸೇರು ಕೊಟ್ಟು ಬರುವ ನೆಪದಲ್ಲಿ ನಾನೂ ಹೋದೆ. ಅಕ್ಕನ ಕೈ ಗುಣವಾಗಿತ್ತು. ಅಡುಗೆ ಮನೆಯಲ್ಲಿ ಹಬ್ಬದ ಉಂಡೆಗೆ ಕಲಸಿದ ಪರಾತದ ಸುತ್ತ ಹೆಂಗಸರು ಕೂತಿದ್ದರು. ಸೊಸೆ ಅಂಗೈಗೆ ತುಪ್ಪ ಸವರಿಕೊಂಡು ಉಂಡೆ ಕಟ್ಟಲು ಮುಂದೆ ಬಂದಳು.

“ನೀ ಕೈ ಹಚ್ಚಬ್ಯಾಡ ಬಿಡವಾ,” ಎಂದಳು ಅಕ್ಕ. “ಮತ್ತ ಚಮಚಾ ಹುಡಕೂದ ಆಗತೈತಿ.”

ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು. ನಕ್ಕು, ತುಪ್ಪದ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಹಿಂದೆ ಸರಿದಳು.

ಅದನ್ನು ನೋಡಿಕೊಂಡು ನಿಲ್ಲಲು ನನ್ನಿಂದ ಆಗಲಿಲ್ಲ. ಸೇರನ್ನು ಅಕ್ಕನ ಮುಂದೆ ಇಟ್ಟೆ.

“ಅಕ್ಕಾ, ನಾ ಇದನ್ನ ತೂಗಿದ್ದಿಲ್ಲ. ಎಲ್ಲಾಕೂ ಒಂದ ಕಿಲೋ ಅಂತ ಬಾಯಿಗೆ ಬಂದಂಗ ಹೇಳಿದೆ. ಕೊಬ್ಬರಿ ಬಾಳ ಆತು ಅಂತ ಈಕಿ ಕೇಳಿದ್ಲು. ಗದರಿಸಿ ಬಾಯಿ ಮುಚ್ಚಿಸಿದೆ.”

ಅಕ್ಕ ಸೇರನ್ನು ಕೈಗೆತ್ತಿಕೊಂಡಳು.

“ದಿನಾ ಮಂದಿಗೆಲ್ಲಾ ತೂಗತಿ. ನನಗೊಂದ ತೂಗಾಕ ಆಗಲಿಲ್ಲೇನೋ?”

ಅಕ್ಕ ಪರಾತವನ್ನು ಸೊಸೆಯ ಕಡೆ ತಳ್ಳಿದಳು. ಸೊಸೆ ಮುಟ್ಟಲಿಲ್ಲ, ನನ್ನತ್ತ ನೋಡಿದಳು.

“ತಪ್ಪು ನಂದವ್ವಾ,” ಎಂದೆ. “ಗೊತ್ತಾದ ಮ್ಯಾಲೂ ನಿನಗ ಬೈಗಳಾ ತಿನ್ನಾಕ ಬಿಟ್ಟು ಸುಮ್ಮ ಕುಂತೆ. ತಪ್ಪಾತು. ಹೊಟ್ಟ್ಯಾಗ ಹಾಕ್ಕೋ.”